ಹಾಸಿಗೆಯ ಲೆಕ್ಕವೂ ತಲೆಯ ಲೆಕ್ಕವೂ

ಜಾತ್ರೆಯಿಂದ ಹಿಂದಿರುಗಿದವರನ್ನು “ಹೇಗಿತ್ತು?” ಎಂದು ಕೇಳಿನೋಡಿ. “ಅಯ್ಯೋ, ಏನು ಜನ, ಏನು ಜನ!” ಎನ್ನುವರಲ್ಲದೆ, ಆ ಜನದಲ್ಲಿ ತಾವೂ ಒಬ್ಬರಾಗಿದ್ದೆವೆಂದು ಹೇಳುವವರನ್ನು ನಾವು ಈವರೆಗೆ ಕಂಡುದಿಲ್ಲ. ಸಂದಣಿಯೆಂದರೆ ಯಾವಾಗಲೂ ಉಳಿದವರು. ನಾವೂ ಎಪ್ಪತ್ತು ವರ್ಷಗಳ ಕಾಲ ಹಾಗೆಯೇ ತಿಳಿದಿದ್ದವರು. ಆ ತಿಳಿವಳಿಕೆ ಒಂದು ದೊಡ್ಡ ಹಡಗಿನ ಮೇಲೆ, ಇಪ್ಪತ್ತೈದು ನಿಮಿಷಗಳ ಅವಧಿಯಲ್ಲಿ ಹೇಗೆ ಬದಲಾಯಿತೆಂಬುದನ್ನು ತಿಳಿಸಿದರೆ, ಮನೆಮಂದಿಯೊಡನೆ ಪ್ರವಾಸ ಹೊರಡುವ ವಾಚಕರಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಮಗನು ಅಮೆರಿಕಾ ದೇಶದ ಅಟ್ಲಾಂಟಾ ಪಟ್ಟಣದಲ್ಲಿ ಉದ್ಯೋಗದಲ್ಲಿರುವನು. 2024ನೆಯ ಇಸವಿಯ ಕೊನೆಯಲ್ಲಿ ನಾವೂ ನಮ್ಮ ಮನೆಯವರೂ ಅವನಲ್ಲಿಗೆ ಹೋಗಿದ್ದೆವು. ಡಿಸೆಂಬರ್ ತಿಂಗಳ ಕೊನೆಯ ವಾರ ಮಕ್ಕಳ ಶಾಲೆಗೆ ರಜ. ಫ್ಲಾರಿಡಾ ಪ್ರಾಂತದ ಮಯಾಮಿ ಬಂದರಿನಿಂದ ಹೊರಟು, ಕೆರಿಬಿಯನ್ ಸಮುದ್ರದಲ್ಲಿ ಏಳು ರಾತ್ರಿ ತಿರುಗಾಡಿ, ಮರಳಿ ಅಲ್ಲಿಗೇ ಬಂದು ಸೇರುವ ಒಂದು ವಿಹಾರದ ಹಡಗಿನಲ್ಲಿ ಅವನು ನಮ್ಮೆಲ್ಲರಿಗೂ ಸ್ಥಳ ಗೊತ್ತುಮಾಡಿದ್ದನು. ಹಡಗಿನ ಹೆಸರು ಇಲ್ಲಿ ಬೇಡ. ನಾವು, ನಮ್ಮ ಮನೆಯವರು, ಮಗ, ಸೊಸೆ, ಹನ್ನೊಂದು ವರ್ಷದ ಮೊಮ್ಮಗ, ಆರು ವರ್ಷದ ಮೊಮ್ಮಗಳು ಪುಟ್ಟಿ—ಒಟ್ಟು ಆರು ಮಂದಿ. ಕೋಣೆಗಳು ಎರಡು. ಅಜ್ಜಿಯ ಕಥೆಯಿಲ್ಲದೆ ಮಲಗುವುದಿಲ್ಲವೆಂದು ಮೊಮ್ಮಕ್ಕಳು ಹಟ ಹಿಡಿದುದರಿಂದ ಅವರಿಬ್ಬರೂ ನಮ್ಮ ಕೋಣೆಗೆ ಬಂದರು. ಹಗಲು ಸೋಫಾ ಆಗಿದ್ದುದು ರಾತ್ರಿ ಪುಟ್ಟಿಗೆ ಹಾಸಿಗೆಯಾಯಿತು. ಮೊಮ್ಮಗನಿಗಾಗಿ ಇನ್ನೊಂದು ಹಾಸಿಗೆ ನೆತ್ತಿಯ ಮೇಲಿನ ಮಾಳಿಗೆಯಿಂದಲೇ ಕೆಳಕ್ಕಿಳಿಯಿತು. ಆ ಅಂಗೈಯಗಲದ ಕೋಣೆಯಲ್ಲಿ ನಾಲ್ವರು ಮಲಗಿದರೆ ಕಾಲಿಡಲು ಸ್ಥಳವಿರಲಿಲ್ಲ. ಆದರೂ ನಮಗಾಗಲಿ ನಮ್ಮ ಮನೆಯವರಿಗಾಗಲಿ ಅದು ಸಂದಣಿಯೆಂದು ಒಂದು ದಿನವೂ ತೋರಲಿಲ್ಲ. ಸಂದಣಿಯೆಲ್ಲ ಬಾಗಿಲಿನ ಹೊರಗೆ ಇತ್ತು.

ಇಂದಿನ ವಿಹಾರನೌಕೆಗಳ ಗಾತ್ರವನ್ನು ಕಣ್ಣಾರೆ ಕಾಣದವರಿಗೆ ಹೇಳಿ ತಿಳಿಸುವುದು ಕಷ್ಟ. 2024ನೆಯ ಜನವರಿ 27ರಂದು ಇದೇ ಮಯಾಮಿ ಬಂದರಿನಿಂದ ಮೊದಲನೆಯ ಯಾನ ಹೊರಟ ‘ಐಕಾನ್ ಆಫ್ ದಿ ಸೀಸ್’ ಎಂಬ ಹಡಗನ್ನು ತೆಗೆದುಕೊಳ್ಳಿ. ಫಿನ್ಲೆಂಡ್ ದೇಶದ ಟುರ್ಕುವಿನಲ್ಲಿ ಕಟ್ಟಿದ ಅದು 365 ಮೀಟರು ಉದ್ದವುಳ್ಳದು, ಅಂತಸ್ತುಗಳು 20, ಸಿಬ್ಬಂದಿಯೇ 2,350 ಮಂದಿ. ಅದರ ಟನ್ನೇಜು 2,48,663. ಈ ಟನ್ನೇಜೆಂಬುದು ತೂಕವಲ್ಲ, ಹಡಗಿನ ಒಳಗಿರುವ ಅವಕಾಶದ ಅಳತೆ. ಅರ್ಧ ಶತಮಾನಕ್ಕೆ ಹಿಂದೆ, 1970ರಲ್ಲಿ, ಕೆರಿಬಿಯನ್ ವಿಹಾರಕ್ಕೆಂದೇ ಬಂದ ‘ಸಾಂಗ್ ಆಫ್ ನಾರ್ವೆ’ ಎಂಬ ಹಡಗು ಹದಿನೆಂಟು ಸಾವಿರ ಟನ್ನುಗಳಿಗೆ ತುಸು ಮಿಕ್ಕದ್ದು. ಪ್ರಯಾಣಿಕರು ಏಳುನೂರಕ್ಕೆ ಸ್ವಲ್ಪ ಹೆಚ್ಚು. ಅಳತೆಯ ಕ್ರಮ ಅಂದಿಗೂ ಇಂದಿಗೂ ಸ್ವಲ್ಪ ಬೇರೆಯಾದರೂ, ಭಾಗಾಕಾರ ಮಾಡಿ ನೋಡಿದರೆ ತಲೆಯೊಂದಕ್ಕೆ ಬರುವ ಸ್ಥಳ ಅಂದಿಗಿಂತ ಇಂದು ಹೆಚ್ಚೇ ಹೊರತು ಕಡಿಮೆಯಲ್ಲ. ಹಾಗಿದ್ದೂ ಹಡಗಿನಿಂದಿಳಿದವರೆಲ್ಲ ಸಂದಣಿಯನ್ನು ಕುರಿತೇ ದೂರುವುದೇಕೆ?

ನಮಗೆ ತೋರಿದಮಟ್ಟಿಗೆ ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಲೆಕ್ಕದ ಮಾತು. ಐಕಾನ್ ಹಡಗಿನ ವಿವರಗಳಲ್ಲಿ ಪ್ರಯಾಣಿಕರ ಸಂಖ್ಯೆ ಎರಡು ಬಗೆಯಾಗಿ ದೊರೆಯುತ್ತದೆ: ಒಂದು 5,610, ಇನ್ನೊಂದು 7,600. ಇವೆರಡೂ ನಿಜವೇ. ಕೋಣೆಗಳು 2,805, ಕೋಣೆಗೆ ಇಬ್ಬರಂತೆ ಗುಣಿಸಿದರೆ ಮೊದಲಿನ ಸಂಖ್ಯೆ. ಉಳಿದ 1,990 ಮಂದಿ ಯಾರು? ಸೋಫಾಗಳ ಮೇಲೂ ಮಾಳಿಗೆಯಿಂದಿಳಿದ ಹಾಸಿಗೆಗಳ ಮೇಲೂ ಮಲಗತಕ್ಕವರು. ಅವರಲ್ಲಿ ಬಹುಮಂದಿ ಮಕ್ಕಳು. ಈ ಉದ್ಯಮದವರ ಲೆಕ್ಕದಲ್ಲಿ ಕೋಣೆಗೆ ಇಬ್ಬರಿದ್ದರೆ ಹಡಗು ನೂರಕ್ಕೆ ನೂರು ತುಂಬಿದಂತೆ. ಶಾಲೆಗಳಿಗೆ ರಜ ಬಂದು ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಹತ್ತಿದರೆ, ತುಂಬಿದ ಹಡಗು ಮತ್ತೂ ತುಂಬಿ, ಆ ಅಂಕಿ ನೂರನ್ನು ದಾಟುವುದು. ಕೊಡದಲ್ಲಿ ಕೊಡಕ್ಕಿಂತ ಹೆಚ್ಚು ನೀರು ಹಿಡಿಯುವ ಈ ಚಮತ್ಕಾರ ನಮಗೆ ಮೊದಲು ನಗೆ ಬರಿಸಿತು. ನಮ್ಮ ಎರಡು ಕೋಣೆಗಳು ಹಾಸಿಗೆಯ ಲೆಕ್ಕದಲ್ಲಿ ನಾಲ್ಕು, ತಲೆಯ ಲೆಕ್ಕದಲ್ಲಿ ಆರು, ಎಂಬ ಸಣ್ಣ ಗಣಿತ ಆಗ ಹೊಳೆಯಲಿಲ್ಲ.

ದಡದಲ್ಲಿರುವವರೂ ಈಗ ಈ ಲೆಕ್ಕಕ್ಕೆ ತೊಡಗಿರುವರು. ಇಟಲಿಯವರು 2021ನೆಯ ಆಗಸ್ಟಿನಿಂದ 25,000 ಟನ್ನಿಗೆ ಮೀರಿದ ಹಡಗುಗಳು ವೆನಿಸ್ ಪಟ್ಟಣದ ನಡುವಣ ಜ್ಯುದೆಕ್ಕಾ ಕಾಲುವೆಯನ್ನು ಪ್ರವೇಶಿಸಕೂಡದೆಂದು ವಿಧಿಸಿದರು. ಅಲಾಸ್ಕಾದ ಜೂನೋ ಎಂಬ ಸಣ್ಣ ಪಟ್ಟಣದವರು ದಿನಕ್ಕೆ ಐದು ದೊಡ್ಡ ಹಡಗುಗಳು ಸಾಕೆಂದು 2024ರಿಂದ ಏರ್ಪಾಡು ಮಾಡಿಕೊಂಡರು. ಅದು ಸಾಲದೆಂದು, ದಿನಕ್ಕೆ 16,000 ಹಾಸಿಗೆಗಳಿಗೂ, ಶನಿವಾರಗಳಲ್ಲಿ 12,000 ಹಾಸಿಗೆಗಳಿಗೂ ಮೀರಕೂಡದೆಂದು 2026ರಿಂದ ಜಾರಿಗೆ ಬರುವ ಒಪ್ಪಂದವನ್ನೂ ಮಾಡಿಕೊಂಡರು. ಗಮನಿಸಿ: ಅಲ್ಲಿಯೂ ಎಣಿಸುವುದು ಕೋಣೆಗೆ ಎರಡರಂತೆ ಇರುವ ಕೆಳಗಿನ ಹಾಸಿಗೆಗಳನ್ನು. ಸೋಫಾದ ಮೇಲೆ ಮಲಗುವ ಪುಟ್ಟಿಯಂಥವರು ಅಲ್ಲಿಯೂ ಲೆಕ್ಕದ ಹೊರಗೆ.

ಎರಡನೆಯ ಕಾರಣ ವೇಳೆಯದು. ಐದು ಸಾವಿರ ಮಂದಿ ಐದು ಸಾವಿರ ಕಡೆ ಇದ್ದರೆ ಸಂದಣಿಯಿಲ್ಲ. ಆದರೆ ಅಷ್ಟು ಮಂದಿಗೂ ಒಂಬತ್ತು ಗಂಟೆಗೇ ಹಸಿವು, ಹನ್ನೊಂದು ಗಂಟೆಗೇ ಈಜುಕೊಳದ ನೆನಪು. ಹಡಗು ಬಂದರು ಸೇರಿದ ದಿನ ಅರ್ಧಕ್ಕರ್ಧ ಜನ ಊರು ನೋಡಲು ಇಳಿದು ಹೋಗಿ, ಮೇಲಿನ ಅಂತಸ್ತು ಮದುವೆ ಮುಗಿದ ಚಪ್ಪರದಂತೆ ಬರಿದಾಗಿರುವುದು. ನೆಲ ಕಾಣದ ನಡುಗಡಲಿನ ದಿನವಾದರೋ ಯಾರಿಗೂ ಹೋಗಲು ಬೇರೆ ಸ್ಥಳವಿಲ್ಲ. ಅಂದು ಲಿಫ್ಟುಗಳ ಮುಂದೆ ನಿಂತವರನ್ನು ನೋಡಿದರೆ ನಮಗೆ ಶಿವರಾತ್ರಿಯ ದಿನದ ದೇವಸ್ಥಾನದ ಬಾಗಿಲು ನೆನಪಾಗುತ್ತಿತ್ತು.

ರಾತ್ರಿಯ ಊಟಕ್ಕೆ ನಮ್ಮ ಮದುವೆಮನೆಗಳಂತೆಯೇ ಎರಡು ಪಂಕ್ತಿ. ಮಕ್ಕಳಿರುವವರೆಲ್ಲ ಮೊದಲನೆಯ ಪಂಕ್ತಿಯನ್ನೇ ಬೇಡುವುದರಿಂದ, ಸ್ಥಳ ಸಾಲದೆ, ನಮಗೆ ಎರಡನೆಯದು ದೊರೆಯಿತು. ಎಂಟು ಗಂಟೆಗೆ ಪುಟ್ಟಿ ಅಜ್ಜಿಯ ತೊಡೆಯ ಮೇಲೆ ಕಣ್ಣು ಮುಚ್ಚುವಳು, ನಾವು “ಎಲ್ಲಿಂದ ಬಂದರಪ್ಪ ಇಷ್ಟು ಮಂದಿ ಮಕ್ಕಳೊಂದಿಗರು!” ಎಂದು ಗೊಣಗುವೆವು. ನಮಗೆ ಬಡಿಸುತ್ತಿದ್ದ ತರುಣನು ಮೊದಲ ರಾತ್ರಿ ಇದನ್ನು ಕೇಳಿ, ತಟ್ಟೆಯನ್ನಿಡುತ್ತ, “ನೀವು ಕನ್ನಡದವರಾ?” ಎಂದನು. ಅವನು ಕುಂದಾಪುರದ ಕಡೆಯವನು. ಮಂಗಳೂರು, ಉಡುಪಿ, ಗೋವೆಗಳ ತರುಣರು ಇಂಥ ಹಡಗುಗಳಲ್ಲಿ ಬಹುಕಾಲದಿಂದ ದುಡಿಯುತ್ತಿರುವರು. ಅವನು ಬಂದು ಆರು ತಿಂಗಳು ಕಳೆದಿತ್ತು. ಊರಿಗೆ ಹೋಗಲು ಇನ್ನೂ ನಲವತ್ತಮೂರು ದಿನಗಳೆಂದು ಲೆಕ್ಕ ಹೇಳಿದನು. ಅವನಿಗೂ ಪುಟ್ಟಿಯ ವಯಸ್ಸಿನ ಒಬ್ಬ ಮಗಳು. ದಿನವೂ ಒಮ್ಮೆ ಅವಳ ಮುಖವನ್ನು ಫೋನಿನಲ್ಲಿ ನೋಡುವನಂತೆ. ನಮ್ಮ ಪಂಕ್ತಿ ತಡವಾಗಿ ಎದ್ದ ದಿನ ಅವಳು ಶಾಲೆಗೆ ಹೋಗಿಬಿಟ್ಟಿರುವಳಂತೆ. ಆ ರಾತ್ರಿ ನಾವು ಸ್ವಲ್ಪ ಬೇಗನೆ ಎದ್ದೆವೆಂಬುದು ನಿಜ. ಆದರೆ ಗೊಣಗಾಟ ನಿಲ್ಲಲಿಲ್ಲ.

ಈಗ ನಮ್ಮ ಅಪರಾಧದ ಕಥೆಗೆ ಬರಬೇಕು. ಬಸ್ಸಿನ ಕಿಟಕಿಯಿಂದ ಕರವಸ್ತ್ರವನ್ನು ಒಳಗೆ ಎಸೆದು ಸ್ಥಳ ಹಿಡಿಯುವ ವಿದ್ಯೆ ನಮ್ಮ ನಾಡಿನವರಿಗೆ ಮಾತ್ರ ತಿಳಿದುದೆಂದು ನಾವು ನಂಬಿದ್ದೆವು. ಹಡಗಿನಲ್ಲಿ ನೋಡಿದರೆ, ಬೆಳಗಾಗುವುದರೊಳಗೇ ಈಜುಕೊಳದ ಸುತ್ತಲಿನ ಒರಗು ಕುರ್ಚಿಗಳ ಮೇಲೆಲ್ಲ ಟವಲುಗಳು ಮಲಗಿರುತ್ತಿದ್ದವು. ಕುಳಿತವರು ಯಾರೂ ಇಲ್ಲ. ಮೊದಲ ದಿನ ಇದನ್ನು ಕಂಡು ಎಷ್ಟು ರೇಗಿದೆವೋ, ಮೂರನೆಯ ದಿನ ಅಷ್ಟೇ ಶ್ರದ್ಧೆಯಿಂದ ಅದನ್ನು ಅನುಸರಿಸಿದೆವು. ಆ ದಿನ ಹಡಗು ನಡುಗಡಲಿನಲ್ಲಿತ್ತು. ಆರು ಗಂಟೆಗೇ ಎದ್ದು, ಹದಿನಾಲ್ಕನೆಯ ಅಂತಸ್ತಿಗೆ ಹೋಗಿ, ನೆರಳಿರುವ ಕಡೆ ನಾಲ್ಕು ಕುರ್ಚಿಗಳನ್ನು ಆರಿಸಿ, ಮೂರಕ್ಕೆ ಹಡಗಿನ ಟವಲುಗಳನ್ನೂ ನಾಲ್ಕನೆಯದಕ್ಕೆ ನಮ್ಮ ಅಂಗವಸ್ತ್ರವನ್ನೂ ಹೊದಿಸಿ ಬಂದೆವು. ನಮ್ಮ ಮನೆಯವರು ಕೇಳಿ, “ಅಲ್ಲಾಂದ್ರೆ, ನಾವು ಕೂರುವುದು ಇಬ್ಬರು. ನಾಲ್ಕು ಯಾಕೆ?” ಎಂದರು. “ನಿನಗೆ ಗೊತ್ತಾಗುವುದಿಲ್ಲ, ಜನ ನುಗ್ಗುತ್ತಾರೆ” ಎಂದೆವು.

ಹನ್ನೊಂದು ಗಂಟೆಯ ಸುಮಾರಿಗೆ ಮಗನೂ ಸೊಸೆಯೂ ಮೊಮ್ಮಗನನ್ನು ಕರೆದುಕೊಂಡು ನೀರಿನ ಆಟಕ್ಕೆ ಹೋಗಿದ್ದರು. ನಮ್ಮ ಮನೆಯವರು ತಲೆನೋವೆಂದು ಎಂಟನೆಯ ಅಂತಸ್ತಿನ ಕೋಣೆಯಲ್ಲಿ ಮಲಗಿದ್ದರು. ಪುಟ್ಟಿ ನಮ್ಮ ವಶದಲ್ಲಿದ್ದಳು. ಆಗ ಮೂವರು ಮಕ್ಕಳ ತಾಯಿಯೊಬ್ಬಳು, ಕಂಕುಳಲ್ಲಿ ಒಂದು ಕೂಸು, ಬಂದು, ಖಾಲಿಯಿರುವ ಎರಡು ಕುರ್ಚಿಗಳನ್ನು ತೆಗೆದುಕೊಳ್ಳಬಹುದೇ ಎಂದು ವಿನಯದಿಂದ ಕೇಳಿದಳು. ಜನ ಬರುವರೆಂದೆವು. ತಾನು ಬಹಳ ಹೊತ್ತಿನಿಂದ ನೋಡುತ್ತಿರುವುದಾಗಿಯೂ ಯಾರೂ ಬರಲಿಲ್ಲವೆಂದೂ ಅವಳು ಹೇಳಿದಳು. ನಾವು ನಿಯಮ, ನ್ಯಾಯ, ಮೊದಲು ಬಂದವರ ಹಕ್ಕು ಮುಂತಾದುವನ್ನು ಕುರಿತು ನಮ್ಮ ಪಾಠಶಾಲೆಯ ಇಂಗ್ಲಿಷಿನಲ್ಲಿ ಉಪನ್ಯಾಸ ಮಾಡಿದೆವು. ಈ ಮಾತಿನ ನಡುವೆ ಪುಟ್ಟಿ ನಮ್ಮ ತೋಳನ್ನು ಜಗ್ಗಿ ಏನೋ ಹೇಳಿದಳು. ನಾವು ತಿರುಗಿ ನೋಡದೆ “ಹ್ಞೂ” ಎಂದೆವು. ಆ ಹೆಂಗಸು ಬೇಸರದಿಂದ ತನ್ನ ಮಕ್ಕಳನ್ನು ಕರೆದುಕೊಂಡು ಹೋಗಿ ನೆಲದ ಮೇಲೆ ಕುಳಿತಳು. ಗೆದ್ದ ಸಂತೋಷದಿಂದ ನಾವು ಪಕ್ಕಕ್ಕೆ ನೋಡಿದರೆ ಪುಟ್ಟಿ ಇರಲಿಲ್ಲ.

ಮೊದಲಿನ ಎರಡು ನಿಮಿಷ ಕೋಪ ಬಂತು. ಅನಂತರ ಬಂದುದು ಕೋಪವಲ್ಲ. ಈಜುಕೊಳದಲ್ಲಿ ನೂರಾರು ಮಕ್ಕಳ ತಲೆಗಳು. ಒಂದೊಂದೂ ಅವಳದೇ ಎನಿಸುತ್ತಿತ್ತು, ಒಂದೂ ಅವಳದಲ್ಲ. ಕೂಗಿದೆವು, ವಾದ್ಯಗಳ ಗದ್ದಲದಲ್ಲಿ ನಮ್ಮ ಕೂಗು ನಮಗೇ ಕೇಳಲಿಲ್ಲ. ಅಂಚಿನ ಕಟಕಟೆಯ ಬಳಿಗೆ ಹೋಗಿ ಕೆಳಗೆ ನೋಡಿದೆವು. ಕಟಕಟೆ 42 ಅಂಗುಲಕ್ಕೆ ಕಡಿಮೆ ಇರಕೂಡದೆಂದು 2010ರ ಅಮೆರಿಕಾದ ಕಾನೂನೊಂದು ವಿಧಿಸಿರುವುದನ್ನು ಆಮೇಲೆ ತಿಳಿದುಕೊಂಡೆವು. ಅದು ಪುಟ್ಟಿಯ ಗದ್ದದವರೆಗೆ ಬರುವುದು. ಆ ಗಳಿಗೆಯಲ್ಲಿ ಮಾತ್ರ ನಮಗೆ ಕಾಣುತ್ತಿದ್ದುದು ಕೆಳಗೆ ಹಡಗಿನ ಬದಿಗೆ ಸರಿದುಹೋಗುತ್ತಿದ್ದ ಬಿಳಿಯ ನೊರೆ. ಐದು ಸಾವಿರ ಮಂದಿಯಲ್ಲಿ ನಮಗೆ ಬೇಕಾದವಳು ಒಬ್ಬಳು. ಉಳಿದವರೆಲ್ಲ ಅವಳನ್ನು ಮರೆಮಾಡುವ ಗೋಡೆ.

ಆಗ ನಮ್ಮ ಭುಜವನ್ನು ಮುಟ್ಟಿದವಳು ಆ ಮೂವರು ಮಕ್ಕಳ ತಾಯಿಯೇ. ಅವಳು ಕುರ್ಚಿಯ ಮಾತನ್ನೆತ್ತಲಿಲ್ಲ. “ಮಗು ಯಾವ ಬಣ್ಣದ ಬಟ್ಟೆ ತೊಟ್ಟಿದೆ?” ಎಂದಷ್ಟೇ ಕೇಳಿದಳು. ವಾಚಕರೇ, ನಮಗೆ ಉತ್ತರ ತಿಳಿದಿರಲಿಲ್ಲ. ಬೆಳಗಿನಿಂದ ನಾಲ್ಕು ಕುರ್ಚಿಗಳನ್ನು ಕಾಯುತ್ತಿದ್ದ ನಾವು ಮೊಮ್ಮಗಳ ಲಂಗದ ಬಣ್ಣವನ್ನು ನೋಡಿರಲಿಲ್ಲ. “ಹಳದಿ,” ಎಂದು ಅವಳ ಹಿರಿಯ ಮಗನು ಹೇಳಿದನು, “ಹಳದಿ ಲಂಗ, ಎರಡು ಜಡೆ.” ಅವಳು ನಮ್ಮನ್ನು ಅಲ್ಲಿಯೇ ನಿಲ್ಲಿಸಿ, ಮಗು ಮರಳಿ ಬಂದರೆ ಇದೇ ಸ್ಥಳಕ್ಕೆ ಬರುವುದೆಂದು ಎಚ್ಚರಿಸಿ, ಕೂಸನ್ನೆತ್ತಿಕೊಂಡೇ ಓಡಿ ಈಜುಕೊಳದ ಕಾವಲಿನವನಿಗೆ ಸುದ್ದಿ ಮುಟ್ಟಿಸಿದಳು. ಅವನು ಫೋನಿನಲ್ಲಿ ಮಾತನಾಡುತ್ತಿರುವಾಗಲೇ ನಮ್ಮಿಂದ ನಿಲ್ಲಲಾಗದೆ, ಲಿಫ್ಟಿಗೆ ಕಾಯದೆ, ಆರು ಅಂತಸ್ತುಗಳ ಮೆಟ್ಟಿಲಿಳಿದು ಕೋಣೆಗೆ ಹೋಗಿ ಬಾಗಿಲು ತಟ್ಟಿದೆವು. ನಮ್ಮ ಮನೆಯವರು ತೆರೆದು, ನಮ್ಮ ಹಿಂದುಗಡೆ ನೋಡಿ, “ಪುಟ್ಟಿ ಎಲ್ಲಿ?” ಎಂದರು.

ನಲವತ್ತೆಂಟು ವರ್ಷದ ದಾಂಪತ್ಯದಲ್ಲಿ ಅವರು ನಮ್ಮನ್ನು ಎಷ್ಟೋ ಪ್ರಶ್ನೆಗಳನ್ನು ಕೇಳಿರುವರು. ಇದಕ್ಕೆ ಮಾತ್ರ ನಮ್ಮ ಬಾಯಿಂದ ಮಾತು ಹೊರಡಲಿಲ್ಲ.

ಮಗು ಸಿಕ್ಕಿದುದು ನಮ್ಮ ನೆತ್ತಿಯ ಮೇಲೆಯೇ. ಅವಳು ನಮ್ಮ ತೋಳನ್ನು ಜಗ್ಗಿ ಹೇಳಿದ್ದುದು, “ತಾತ, ಅಜ್ಜಿ ಹತ್ರ ಹೋಗ್ತೀನಿ” ಎಂದು. “ಹ್ಞೂ” ಎಂದು ಅಪ್ಪಣೆ ಕೊಟ್ಟವರು ನಾವೇ. ಲಿಫ್ಟಿನಲ್ಲಿ ಜನ ಕಿಕ್ಕಿರಿದಿದ್ದರು. ಒಂಬತ್ತನೆಯ ಅಂತಸ್ತಿನಲ್ಲಿ ಇಳಿಯುವವರ ನೂಕಿನಲ್ಲಿ ಅವಳೂ ಇಳಿದುಬಿಟ್ಟಳು. ಈ ಹಡಗುಗಳ ಓಣಿಗಳು ಒಂದರಂತೆ ಒಂದು. ಕೋಣೆಯ ಸಂಖ್ಯೆಯಲ್ಲಿ ಅಂತಸ್ತನ್ನು ತಿಳಿಸುವ ಮೊದಲ ಅಂಕಿ ಮಾತ್ರ ಬೇರೆ. ನಮ್ಮ ಕೋಣೆಯ ಕಡೆಯ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿದ್ದ ಪುಟ್ಟಿ, ಸರಿಯಾಗಿ ಅವೇ ಅಂಕಿಗಳಿದ್ದ ಬಾಗಿಲನ್ನು ಹುಡುಕಿ, ತಟ್ಟಿ, ಅಜ್ಜಿ ತೆರೆಯಲಿಲ್ಲವೆಂದು ಅಲ್ಲಿಯೇ ಕುಳಿತು ಅಳುತ್ತಿದ್ದಳು. ಕೋಣೆಗಳನ್ನು ಓರಣ ಮಾಡುವ ಒಬ್ಬ ಹೆಂಗಸು ಅವಳನ್ನು ಕಂಡು, ಹೆಸರನ್ನು ಕೇಳುವುದಕ್ಕೆ ಮೊದಲು, ಮಣಿಕಟ್ಟಿನ ಪಟ್ಟಿಯನ್ನು ನೋಡಿದಳಂತೆ. ಹಡಗನ್ನು ಹತ್ತಿದ ದಿನವೇ ಮಕ್ಕಳೆಲ್ಲರ ಕೈಗೆ ಅಂಥ ಪಟ್ಟಿಯೊಂದನ್ನು ಕಟ್ಟಿದ್ದರು. ನಾವು ಅದನ್ನು ಆಟದ ಬಳೆಯೆಂದು ತಿಳಿದಿದ್ದೆವು.

ಆ ಪಟ್ಟಿಯ ಅರ್ಥವನ್ನು ವಿಚಾರಿಸಿದಾಗ ಎರಡನೆಯ ಲೆಕ್ಕವೊಂದು ನಮಗೆ ತಿಳಿಯಿತು. ವಿಪತ್ತು ಬಂದರೆ ಹಡಗಿನಲ್ಲಿರುವ ಪ್ರತಿಯೊಬ್ಬರೂ ತಮಗೆ ಗೊತ್ತುಮಾಡಿದ ಸ್ಥಳದಲ್ಲಿ ಕೂಡಬೇಕು. ಮಗು ಆ ಸಮಯದಲ್ಲಿ ತಂದೆತಾಯಿಗಳಿಂದ ದೂರವಿದ್ದರೆ ಅದನ್ನು ಎಲ್ಲಿಗೆ ಒಯ್ಯಬೇಕೆಂಬುದನ್ನು ಪಟ್ಟಿಯ ಮೇಲಿನ ಗುರುತು ಹೇಳುವುದು. 1912ರಲ್ಲಿ ‘ಟೈಟಾನಿಕ್’ ಮುಳುಗಿದಾಗ ಹಡಗಿನಲ್ಲಿದ್ದವರು 2,200ಕ್ಕೂ ಹೆಚ್ಚು. ಜೀವರಕ್ಷಕ ದೋಣಿಗಳಲ್ಲಿ ಸ್ಥಳವಿದ್ದುದು 1,178 ಮಂದಿಗೆ. ಸತ್ತವರು 1,500ಕ್ಕೂ ಹೆಚ್ಚು. ಆ ದುರಂತದ ಫಲವಾಗಿ 1914ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಪ್ಪಂದ ಹಲವು ಬಾರಿ ತಿದ್ದುಪಡಿಯಾಗಿ ಇಂದಿಗೂ ನಡೆಯುತ್ತಿದೆ. ಅದರಂತೆ ಹಡಗಿನಲ್ಲಿರುವ ಎಲ್ಲರಿಗೂ ಸಾಲುವಷ್ಟು, ಇನ್ನೂ ಸ್ವಲ್ಪ ಮಿಗುವಷ್ಟು, ದೋಣಿಗಳೂ ತೆಪ್ಪಗಳೂ ಇರಬೇಕು. ಮಕ್ಕಳ ಅಳತೆಯ ಲೈಫ್ ಜಾಕೆಟ್ಟುಗಳು ಪ್ರಯಾಣಿಕರ ಸಂಖ್ಯೆಯಲ್ಲಿ ನೂರಕ್ಕೆ ಹತ್ತಾದರೂ ಇರಬೇಕು. ಮಕ್ಕಳು ಅದಕ್ಕೂ ಹೆಚ್ಚಾಗಿದ್ದರೆ ಪ್ರತಿಯೊಂದು ಮಗುವಿಗೂ ಒಂದಿರಬೇಕು. ಒಂದು ದಿನಕ್ಕೆ ಮೀರಿದ ಯಾನವಾದರೆ ಕೈಗೂಸುಗಳಿಗೂ ಒಂದೊಂದಿರಬೇಕು. 2012ನೆಯ ಜನವರಿ 13ರಂದು ಇಟಲಿಯ ಜಿಲ್ಯೋ ದ್ವೀಪದ ಬಳಿ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ತಾಗಿ 32 ಮಂದಿ ಮಡಿದಾಗ, ಅಂದೇ ಹತ್ತಿದವರಿಗೆ ಕೂಡುವ ಅಭ್ಯಾಸ ಇನ್ನೂ ಆಗಿರಲಿಲ್ಲ. ಹತ್ತಿದ ಮೇಲೆ ಒಂದು ದಿನದೊಳಗೆ ಮಾಡಿಸಿದರೆ ಸಾಕೆಂಬುದೇ ಅಂದಿನ ನಿಯಮ. 2015ನೆಯ ಜನವರಿಯಿಂದ ಆ ಅಭ್ಯಾಸ ಹಡಗು ಹೊರಡುವ ಮೊದಲೇ, ಇಲ್ಲವೆ ಹೊರಟ ಕೂಡಲೇ ಆಗಬೇಕೆಂದು ನಿಯಮವಾಯಿತು. ಮಯಾಮಿಯಲ್ಲಿ ಮೊದಲ ದಿನ ನಮ್ಮನ್ನು ಸಾಲಾಗಿ ನಿಲ್ಲಿಸಿದಾಗ, ಇಷ್ಟು ಜನರ ನಡುವೆ ಇದೇನು ಕಾಟವೆಂದು ಗೊಣಗಿದವರಲ್ಲಿ ನಾವೂ ಒಬ್ಬರು.

ಹೀಗೆ ಒಂದೇ ಹಡಗಿನಲ್ಲಿ ಎರಡು ಲೆಕ್ಕಗಳು ನಡೆಯುತ್ತವೆ. ವ್ಯಾಪಾರದ ಲೆಕ್ಕದಲ್ಲಿ ಕೋಣೆಗೆ ಇಬ್ಬರು; ಮಗು ನೂರರ ಮೇಲಿನ ಹೆಚ್ಚಳ. ಸಮುದ್ರದ ಲೆಕ್ಕದಲ್ಲಿ ಮಗುವೂ ಒಂದು ತಲೆ, ಬಡಿಸುವವನೂ ಒಂದು ತಲೆ, ಕಂಕುಳ ಕೂಸೂ ಒಂದು ತಲೆ. ನಾವು ಹದಿನಾಲ್ಕನೆಯ ಅಂತಸ್ತಿನಲ್ಲಿ ಕುರ್ಚಿಗಳನ್ನು ಎಣಿಸುತ್ತಿದ್ದೆವು. ನಾಲ್ಕು ಕುರ್ಚಿಗಳೂ ಸರಿಯಾಗಿಯೇ ಇದ್ದವು.

ನಮ್ಮ ತಾಯಿ ಓದಿದವರಲ್ಲ. ಬೇಸಗೆಯ ರಜದಲ್ಲಿ ನಮ್ಮ ಹಳ್ಳಿಯ ಮನೆಯ ನಡುಮನೆಯಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಅತ್ತೆಯರ ಮಕ್ಕಳೆಲ್ಲ ಸೇರಿ ಹದಿನಾಲ್ಕು ಹದಿನೈದು ಮಂದಿ ಚಾಪೆಗಳ ಮೇಲೆ ಅಡ್ಡಾದಿಡ್ಡಿ ಮಲಗುತ್ತಿದ್ದೆವು. ಕೆಲಸವೆಲ್ಲ ಮುಗಿದಮೇಲೆ ಅವರು ಲಾಂದ್ರವನ್ನು ಹಿಡಿದುಕೊಂಡು ಬಂದು, ಬಗ್ಗಿ, ಒಂದೊಂದು ತಲೆಯನ್ನೂ ಮುಟ್ಟಿ ಎಣಿಸಿ, ಅನಂತರವೇ ಬಾಗಿಲಿಗೆ ಅಗಳಿ ಹಾಕುವರು. ಉಣ್ಣುವವರನ್ನು ಎಣಿಸಬಾರದೆಂದೂ ಮಲಗಿದವರನ್ನು ಎಣಿಸದೆ ಇರಬಾರದೆಂದೂ ಅವರ ನಿಯಮ. ಆ ಮನೆಯಲ್ಲಿ ಇಷ್ಟು ಜನವೆಂದು ಯಾರೂ ಅಂದದ್ದು ನಮಗೆ ನೆನಪಿಲ್ಲ.

ಆ ಮಧ್ಯಾಹ್ನ ಮಿಕ್ಕ ಎರಡು ಕುರ್ಚಿಗಳಲ್ಲಿ ಆ ತಾಯಿಯೂ ಅವಳ ಕೂಸೂ ಕುಳಿತರು. ಅವಳ ದೊಡ್ಡ ಮಕ್ಕಳು ಪುಟ್ಟಿಯೊಡನೆ ನೆಲದ ಮೇಲೆ ಇಸ್ಪೀಟಿನ ಮನೆ ಕಟ್ಟಿದರು. ನಾವು ಕ್ಷಮೆ ಕೇಳಿದೆವು. ಅವಳು ನಕ್ಕು, ಹೋದ ವರ್ಷ ತನ್ನ ನಡುವಿನ ಮಗನೂ ಹೀಗೆಯೇ ಒಂದು ಗಂಟೆ ಕಾಣೆಯಾಗಿದ್ದನೆಂದು ಹೇಳಿದಳು. ರಾತ್ರಿ ಊಟಕ್ಕೆ ಹೋಗುವುದರೊಳಗೆ ಸುದ್ದಿ ನಮ್ಮ ಕುಂದಾಪುರದ ತರುಣನಿಗೂ ಮುಟ್ಟಿತ್ತು. ಅವನು ಬಟ್ಟೆಯ ಕರವಸ್ತ್ರವೊಂದನ್ನು ಮಡಿಸಿ ಹಕ್ಕಿಮಾಡಿ ಪುಟ್ಟಿಯ ತಟ್ಟೆಯಲ್ಲಿಟ್ಟನು. ಇಷ್ಟು ಮಕ್ಕಳಿರುವ ವಾರ ನಿಮಗೆಲ್ಲ ಬಲು ಕಷ್ಟವಲ್ಲವೇ ಎಂದು ಕೇಳಿದೆವು. “ಕೆಲಸ ಜಾಸ್ತಿಯೇ. ಮಕ್ಕಳಿಲ್ಲದ ವಾರ ಕೆಲಸ ಕಮ್ಮಿ ಮಾರಾಯ್ರೆ,” ಎಂದನು, “ಆದ್ರೆ ದಿನ ಮುಂದೆ ಹೋಗುದಿಲ್ಲ.” ಆ ರಾತ್ರಿಯಿಂದ ನಾವು ಕೊನೆಯವರೆಗೆ ಕುಳಿತು ಹರಟೆ ಹೊಡೆಯುವುದನ್ನು ಬಿಟ್ಟೆವು. ಅವನ ಮಗಳು ಶಾಲೆಗೆ ಹೊರಡುವ ವೇಳೆ ನಮಗೂ ಗೊತ್ತಾಗಿತ್ತು.

ಹಡಗಿನಲ್ಲಿ ಮಕ್ಕಳೊಡನೆ ಹೋಗುವವರಿಗೆ ನಮ್ಮ ಅನುಭವದಿಂದ ಹೇಳತಕ್ಕದ್ದು ಸ್ವಲ್ಪವೇ. ಬೆಳಿಗ್ಗೆ ಕೋಣೆ ಬಿಡುವ ಮೊದಲು ಮಗುವಿನ ಒಂದು ಚಿತ್ರವನ್ನು ಫೋನಿನಲ್ಲಿ ತೆಗೆದಿಡಿ. ಬಟ್ಟೆಯ ಬಣ್ಣವನ್ನು ಯಾರಾದರೂ ಕೇಳಿದಾಗ ತಡಬಡಿಸಬೇಕಾಗಿಲ್ಲ. ಕೋಣೆಯ ಸಂಖ್ಯೆಯನ್ನು ಅಂತಸ್ತಿನ ಅಂಕಿಯೊಡನೆ ಪೂರ್ತಿಯಾಗಿ ಕಲಿಸಿ. ತಪ್ಪಿಸಿಕೊಂಡರೆ ನಿಂತಲ್ಲಿಯೇ ನಿಲ್ಲಬೇಕೆಂದೂ, ಹೆಸರಿನ ಬಿಲ್ಲೆ ಧರಿಸಿದ ಸಿಬ್ಬಂದಿಯವರನ್ನೇ ಕರೆಯಬೇಕೆಂದೂ ಹೇಳಿಕೊಡಿ. ನಡುಗಡಲಿನ ದಿನ ಜನರೆಲ್ಲ ಹೋಗುವ ವೇಳೆಗೆ ಒಂದು ಗಂಟೆ ಮೊದಲು ಎಲ್ಲಿಗಾದರೂ ಹೋಗಿ; ಕಾಲು ಗಟ್ಟಿಯಿದ್ದರೆ ಮೆಟ್ಟಿಲನ್ನು ಹಿಡಿಯಿರಿ. ಕುಳಿತುಕೊಳ್ಳುವಷ್ಟೇ ಕುರ್ಚಿಗಳನ್ನು ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮಿಗಿಲಾಗಿ, ಮಗು ತೋಳನ್ನು ಜಗ್ಗಿದಾಗ ಅದರ ಮುಖ ನೋಡದೆ “ಹ್ಞೂ” ಎನ್ನಬೇಡಿ.

ಎಂಟನೆಯ ದಿನ ಬೆಳಿಗ್ಗೆ ಹಡಗು ಮಯಾಮಿ ಸೇರಿತು. ಅದೇ ಸಂಜೆ ಅದು ಮತ್ತೆ ಹೊರಡಬೇಕು. ನಾವೆಲ್ಲ ಇಳಿದು, ಕೋಣೆಗಳು ಓರಣವಾಗಿ, ಮತ್ತೆ ಐದು ಸಾವಿರ ಮಂದಿ ಹತ್ತಬೇಕು. ಇಳಿಯುವವರ ಸಾಲು ಮೆಲ್ಲಗೆ ಸಾಗುತ್ತಿತ್ತು. ಮುಂದೆ ಹಿಂದೆ ಪೆಟ್ಟಿಗೆಗಳು, ಮಕ್ಕಳ ತಳ್ಳುಗಾಡಿಗಳು, ನಿದ್ದೆಗಣ್ಣಿನ ಕೂಸುಗಳು. ಸೊಸೆ ಹಿಂದಿರುಗಿ, “ಎಷ್ಟು ಜನ ನೋಡಿ ಮಾವ,” ಎಂದಳು. ನಾವು ಆ ಜನವನ್ನು ನೋಡಲಿಲ್ಲ. ನಮ್ಮ ಜನವನ್ನು ಎಣಿಸುತ್ತಿದ್ದೆವು. ಮಗ, ಸೊಸೆ, ಮೊಮ್ಮಗ, ಮನೆಯವರು, ನಾವು, ಪುಟ್ಟಿ. ಇನ್ನೊಮ್ಮೆ ಎಣಿಸಿದೆವು. ಆಗಲೂ ಆರು.

“ತಾತ,” ಎಂದಳು ಪುಟ್ಟಿ, “ಕೈ ಸ್ವಲ್ಪ ಬಿಡು. ನೋಯ್ತಾ ಇದೆ.”